ಬಿಲ ತೋಡಿದ್ದು ಯಾರು, ಒಳಗಿರುವುದು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಲದ ಬದು, ತೋಟದ ಅಂಚು, ಹಿತ್ತಲು, ಕಾಂಪೌಂಡ್ ಗೋಡೆಯ ಬುಡ, ಎಲ್ಲಿ ನೋಡಿದರೂ ಒಂದಲ್ಲ ಒಂದು ಬಿಲ ಇದ್ದೇ ಇರುತ್ತದೆ. ಬಿಲ ಕಂಡ ಕೂಡಲೇ ಜನರಿಗೆ ಹೊಳೆಯುವುದು ಎರಡೇ, ಹಾವು ಇಲ್ಲಾ ಇಲಿ. ಆಮೇಲೆ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ "ಇದು ಯಾವ ಹಾವಿಂದು ಸಾರ್?" ಅಂತ ಕೇಳುತ್ತಾರೆ. ಅಂಥ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ನಮ್ಮ ಬಯಲುಸೀಮೆ, ಮಲೆನಾಡು, ಕರಾವಳಿಯಲ್ಲಿ ಕಣ್ಣಿಗೆ ಬೀಳುವ ಬಿಲಗಳ ಮಾತು ಮಾತ್ರ ಇಲ್ಲಿದೆ.

ಪ್ರಾಣಿಗಳು ಬಿಲ ತೋಡುವುದು ಯಾಕೆ?

ಶತ್ರುವಿನಿಂದ ತಪ್ಪಿಸಿಕೊಳ್ಳುವುದಕ್ಕೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ನಮ್ಮಂಥ ಬಿಸಿಲ ನಾಡಿನಲ್ಲಿ ಬಿಲದ ದೊಡ್ಡ ಉಪಕಾರ ಅಂದರೆ ತಂಪು. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರು, ಕಲಬುರಗಿ ಕಡೆಯ ಬರಿ ಹೊಲದಲ್ಲಿ ಮೇಲ್ಮಣ್ಣು 50 ಡಿಗ್ರಿ ದಾಟಿರುತ್ತದೆ, ಅಲ್ಲಿ ಒಂದು ಇಲಿಮರಿ ಸ್ವಲ್ಪ ಹೊತ್ತು ಬಿದ್ದಿದ್ದರೂ ಬದುಕುವುದಿಲ್ಲ. ಅದೇ ಜಾಗದಲ್ಲಿ ಅರ್ಧ ಮೀಟರ್ ಕೆಳಗೆ ಹೋದರೆ ಹಗಲಿಗೂ ರಾತ್ರಿಗೂ ಹೆಚ್ಚು ಫರಕೇ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಇದೇ ಬಿಲ ಬೆಚ್ಚಗಿರುತ್ತದೆ.

ಎರಡನೆಯದು ತೇವ. ಸಣ್ಣ ಪ್ರಾಣಿಯ ಮೈಯಿಂದ ನೀರು ಬೇಗ ಆರುತ್ತದೆ. ಬಿಲದ ಬಾಯಿ ಚಿಕ್ಕದಿದ್ದರೆ ಉಸಿರಿನ ತೇವ ಅಲ್ಲೇ ಉಳಿಯುತ್ತದೆ, ಒಳಗಿನ ಗಾಳಿ ಒಣಗುವುದಿಲ್ಲ. ಏಡಿಗಂತೂ ಇದು ಸಾವು ಬದುಕಿನ ಪ್ರಶ್ನೆ. ಅದು ಉಸಿರಾಡುವುದು ಕಿವಿರಿನಲ್ಲಿ, ಕಿವಿರು ಒದ್ದೆಯಾಗಿರಲೇಬೇಕು. ಹಾಗಾಗಿ ಗದ್ದೆ ಒಣಗುತ್ತಾ ಬಂದ ಹಾಗೆ ಏಡಿ ನೀರು ಸಿಗುವವರೆಗೆ ಕೆಳಕ್ಕೆ ಕೊರೆಯುತ್ತಾ ಹೋಗುತ್ತದೆ.

ಇನ್ನು ಮರಿ ಹಾಕುವುದಕ್ಕೆ, ಕಾಳು ಕೂಡಿಡುವುದಕ್ಕೆ, ಹೊಂಚು ಹಾಕಿ ಬೇಟೆ ಹಿಡಿಯುವುದಕ್ಕೆ ಅಂತ ಬೇರೆ ಬೇರೆ ಕಾರಣಗಳಿವೆ. ನನಗೆ ಬಹಳ ಇಷ್ಟವಾದದ್ದು ಹಾಡುವುದಕ್ಕೆ ತೋಡುವ ಬಿಲ. ಮುಂಗಾಲು ಸಲಿಕೆಯ ಹಾಗಿರುವ, ಮಣ್ಣು ಅಗೆಯುವ ಮಿಡತೆ ಜಾತಿಯ ಹುಳು ಒಂದಿದೆ. ಅದರ ಗಂಡು ಬಿಲದ ಬಾಯನ್ನು ಕಹಳೆಯ ಆಕಾರಕ್ಕೆ ಅಗಲ ಮಾಡಿ, ಒಳಗೆ ಕೂತು ರೆಕ್ಕೆ ಉಜ್ಜುತ್ತದೆ. ಸದ್ದು ದೊಡ್ಡದಾಗಿ ದೂರದ ಹೆಣ್ಣಿಗೆ ಕೇಳುತ್ತದೆ. ಸ್ಪೀಕರನ್ನು ತಾನೇ ಮಣ್ಣಲ್ಲಿ ಮಾಡಿಕೊಂಡಿದೆ ಅನ್ನಿ.

ಹಾಗಾದರೆ ಪ್ರತಿ ಪ್ರಾಣಿಯೂ ತನ್ನ ಬಿಲ ತಾನೇ ಯಾಕೆ ತೋಡಿಕೊಳ್ಳುವುದಿಲ್ಲ?

ದುಬಾರಿ ಕೆಲಸ, ಅದಕ್ಕೆ. ಮಣ್ಣು ಕತ್ತರಿಸಬೇಕು, ಹಿಂದಕ್ಕೆ ತಳ್ಳಬೇಕು, ಹೊರಗೆ ಹಾಕಬೇಕು. ಅಷ್ಟೇ ದೂರ ನೆಲದ ಮೇಲೆ ನಡೆಯುವುದಕ್ಕಿಂತ ನೂರಾರು ಪಟ್ಟು ಜಾಸ್ತಿ ಶಕ್ತಿ ಬೇಕು. ಇಷ್ಟು ಕಷ್ಟಪಟ್ಟು ಮಾಡಿದ್ದು ಖಾಲಿ ಬಿದ್ದರೆ ಯಾರು ಬಿಡುತ್ತಾರೆ? ಬಸ್ಸಿನ ಸೀಟಿನ ಹಾಗೆ, ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಬಂದು ಕೂರುತ್ತಾರೆ. ಹೆಗ್ಗಣ ತೋಡಿದ್ದಕ್ಕೆ ನಾಗರ ಬರುತ್ತದೆ, ಮುಳ್ಳುಹಂದಿ ಬಿಟ್ಟದ್ದಕ್ಕೆ ನರಿ, ಗೆದ್ದಲು ಕಟ್ಟಿದ್ದಕ್ಕೆ ಉಡ, ಮುಂಗುಸಿ, ಹಲ್ಲಿ, ಚೇಳು, ಕಪ್ಪೆ, ಲೆಕ್ಕವೇ ಇಲ್ಲ. ಇದೊಂದು ನೆನಪಿಟ್ಟುಕೊಂಡರೆ ಕೆಳಗಿನ ಮುಕ್ಕಾಲು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಹಾವು ಬಿಲ ತೋಡುವುದೇ ಇಲ್ಲವಾ?

ನಾವು ಹೆದರುವ ಹಾವುಗಳು ಯಾವುವೂ ತೋಡುವುದಿಲ್ಲ. ನಾಗರ, ಕಟ್ಟುಹಾವು, ಮಂಡಲದ ಹಾವು, ಹೆದರಬೇಕಿಲ್ಲದ ಕೇರೆ ಹಾವು, ಎಲ್ಲಕ್ಕೂ ಇಲಿಯ ಗುದ್ದು, ಹುತ್ತ, ಕಲ್ಲಿನ ಸಂದು, ಸೌದೆ ರಾಶಿ, ಇಂಥವೇ ಗತಿ. ಬಿಲದಲ್ಲಿ ಹಾವಿದೆ ಅಂದರೆ ಮೊದಲು ಅಲ್ಲಿ ಇಲಿ ಇತ್ತು ಅಂತ ಅರ್ಥ. ಹೆಚ್ಚಾಗಿ ಆ ಇಲಿ ಈಗ ಹಾವಿನ ಹೊಟ್ಟೆಯಲ್ಲೇ ಇರುತ್ತದೆ, ಮನೆಯೂ ಸಿಕ್ಕಿತು ಊಟವೂ ಆಯಿತು.

ಮಣ್ಣಲ್ಲೇ ಬದುಕುವ ಹಾವುಗಳು ಬೇರೆ ಇವೆ. ಮಣ್ಣುಮುಕ್ಕ ಹಾವು ಸಡಿಲ ಮಣ್ಣನ್ನು ಮೂತಿಯಿಂದ ಸೀಳಿಕೊಂಡು ಒಳಗೆ ಹೋಗುತ್ತದೆ. ಹೂಕುಂಡದಲ್ಲಿ ಸಿಕ್ಕಾಗ ಎರೆಹುಳು ಅಂದುಕೊಳ್ಳುವ ಕುರುಡು ಹಾವು ಗೆದ್ದಲಿನ ಮೊಟ್ಟೆ, ಇರುವೆ ಮೊಟ್ಟೆ ತಿಂದು ಬದುಕುತ್ತದೆ. ಪಶ್ಚಿಮ ಘಟ್ಟದಲ್ಲಿ ಬಾಲದ ತುದಿ ಗುರಾಣಿಯ ಹಾಗೆ ಮೊಂಡಾಗಿರುವ ಹಾವುಗಳ ಒಂದು ಬಳಗವೇ ಇದೆ, ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಸಿಗುವುದುಂಟು. ಇವು ಯಾವುವಕ್ಕೂ ಮನುಷ್ಯನನ್ನು ಕೊಲ್ಲುವ ವಿಷ ಇಲ್ಲ.

ಕಾಳಿಂಗ ಸರ್ಪದ್ದು ಇನ್ನೊಂದು ದಾರಿ. ಅದು ಮಣ್ಣಿಗೂ ಇಳಿಯುವುದಿಲ್ಲ, ಒಣಗಿದ ಎಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆ ಇಡುತ್ತದೆ. ಆಗುಂಬೆ ಸುತ್ತಮುತ್ತ ಇಂಥ ಗೂಡುಗಳು ಸಿಗುತ್ತವೆ.

ಮತ್ತೆ ಹುತ್ತ? ಅದು ಹಾವಿನದ್ದೇ ಅಲ್ವಾ?

ಗೆದ್ದಲಿನದ್ದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅಂತ ಗಾದೆ ಮಾಡಿ ಸಾವಿರ ಸಲ ಬಳಸುತ್ತೇವೆ, ಆಮೇಲೆ ಹುತ್ತ ಕಂಡರೆ ಹಾವಿನ ಮನೆ ಅಂತ ಕೈ ಮುಗಿಯುತ್ತೇವೆ.

ಹುತ್ತದೊಳಗಿನ ಕತೆ ಹಾವಿಗಿಂತ ಸ್ವಾರಸ್ಯದ್ದು. ನಮ್ಮಲ್ಲಿ ಎತ್ತರದ ಹುತ್ತ ಕಟ್ಟುವ ಗೆದ್ದಲು ಒಕ್ಕಲುತನ ಮಾಡುವ ಜಾತಿ. ಕಟ್ಟಿಗೆ, ಒಣ ಎಲೆ ತಂದು ಜಗಿದು, ಅದರ ಮೇಲೆ ಒಂದು ಬಗೆಯ ಬೂಸು ಬೆಳೆಸುತ್ತದೆ, ಅದನ್ನೇ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಸುತ್ತ ಏಳುವ ಅಣಬೆ, ಮಲೆನಾಡಿನವರು ಮುಂಜಾನೆ ಎದ್ದು ಕಿತ್ತು ತಂದು ಸಾರು ಮಾಡುವ ಅಣಬೆ, ಇದೇ ಬೂಸಿನ ಹೂವು. (ಎಲ್ಲ ಅಣಬೆಯೂ ಹುತ್ತದ್ದಲ್ಲ. ಗುರುತು ಗೊತ್ತಿಲ್ಲದವರು ಕೈ ಹಾಕಬೇಡಿ.) ಮೇಲೆ ಕಾಣುವ ಗೋಪುರ ಗಾಳಿ ಆಡುವುದಕ್ಕೆ. ರಾಣಿ, ಮರಿಗಳು, ಬೂಸಿನ ತೋಟ ಎಲ್ಲ ಹೆಚ್ಚಾಗಿ ನೆಲದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರುತ್ತವೆ.

ಒದ್ದೆ ಮಣ್ಣನ್ನು ಬಾಯಲ್ಲಿ ಸಣ್ಣ ಉಂಡೆ ಮಾಡಿ ಒಂದೊಂದಾಗಿ ಅಂಟಿಸಿ ಕಟ್ಟುವ ಕೆಲಸ ಇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಅಳತೆ ಮಾಡಿ ನೋಡಿದಾಗ ಹುತ್ತದ ಮಣ್ಣು ಪಕ್ಕದ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಗಟ್ಟಿ ಅಂತ ತಿಳಿಯಿತು. ನಮ್ಮ ಹಿರಿಯರಿಗೆ ಅದು ಅಳತೆ ಇಲ್ಲದೆಯೇ ಗೊತ್ತಿತ್ತು. ಕಣ ಮಾಡುವುದಕ್ಕೆ, ಒಲೆ ಹಾಕುವುದಕ್ಕೆ ಹುತ್ತದ ಮಣ್ಣೇ ಬೇಕು ಅನ್ನುತ್ತಿದ್ದರು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇವತ್ತಿಗೂ ಹುತ್ತದ ಮಣ್ಣೇ ಪ್ರಸಾದ.

ಗೆದ್ದಲು ಸತ್ತು ಹುತ್ತ ಹಳೆಯದಾಗಿ, ಕೊಳವೆಗಳು ಖಾಲಿಯಾದ ಮೇಲೆ ಹಾವು ಬರುತ್ತದೆ. ಒಳಗೆ ತಂಪಿದೆ, ತೇವ ಇದೆ, ಮೊಟ್ಟೆ ಇಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ?

ಹುತ್ತಕ್ಕೆ ಹಾಲು ಎರೆದರೆ ಹಾವು ಕುಡಿಯುತ್ತದಾ?

ಇಲ್ಲ. ಹಾವಿಗೆ ಹಾಲು ಆಹಾರವೇ ಅಲ್ಲ. ಪೂಜೆ ಮಾಡುವುದು ನಿಮ್ಮ ನಂಬಿಕೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಹುತ್ತದ ಕೋವಿಯೊಳಗೆ ಲೀಟರ್‌ಗಟ್ಟಲೆ ಸುರಿದರೆ ಒಳಗೆ ಹುಳಿ ಬಂದು ನಾರುತ್ತದೆ, ಇರುವೆ ಮುತ್ತುತ್ತವೆ. ಹೊರಗೆ ಎರಡು ಹನಿ ಬಿಟ್ಟು ಉಳಿದದ್ದನ್ನು ಮಕ್ಕಳಿಗೆ ಕೊಡಿ.

ನಮ್ಮ ಹಿತ್ತಲಲ್ಲಿ ಹೊಸ ಬಿಲ ಕಾಣಿಸಿದೆ. ಯಾರದ್ದು ಅಂತ ತಿಳಿಯುವುದು ಹೇಗೆ?

ಬರಿ ತೂತಿನ ಫೋಟೊ ಕಳಿಸಿದರೆ ಯಾರಿಗೂ ಹೇಳುವುದಕ್ಕಾಗದು. ತೂತಿಗಿಂತ ಅದರ ಬಾಯಿ, ಸುತ್ತಲಿನ ನೆಲ ಜಾಸ್ತಿ ಮಾತಾಡುತ್ತದೆ.

ಬಾಯಿಯ ಪಕ್ಕ ಹೊಸ ಪುಡಿ ಮಣ್ಣಿನ ಗುಡ್ಡೆ ಇದ್ದರೆ ತೋಡಿದವರು ಒಳಗೇ ಇದ್ದಾರೆ, ಕೆಲಸ ನಡೀತಾ ಇದೆ. ಹೊಲದಲ್ಲಿ, ಹಿತ್ತಲಲ್ಲಿ ಹೀಗೆ ಮಾಡುವುದು ಸಾಮಾನ್ಯವಾಗಿ ಹೆಗ್ಗಣ. ಕೆಲವು ಸಲ ಬಾಯನ್ನೇ ಒಳಗಿನಿಂದ ಮಣ್ಣು ತುಂಬಿ ಮುಚ್ಚಿಕೊಂಡಿರುತ್ತದೆ, ಮೇಲಿಂದ ನೋಡಿದರೆ ಬರಿ ಮಣ್ಣಿನ ಗುಡ್ಡೆ ಕಾಣುತ್ತದೆ, ತೂತೇ ಇಲ್ಲ. ಗುಡ್ಡೆ ಹಳೆಯದಾಗಿ, ಬಾಯಿಗೆ ಜೇಡರ ಬಲೆ ಕಟ್ಟಿದ್ದರೆ ಸದ್ಯ ಯಾರೂ ಓಡಾಡುತ್ತಿಲ್ಲ. ಬಾಯಿ ನುಣುಪಾಗಿ ಸವೆದಿದೆ, ಹೊಸ ಮಣ್ಣಿಲ್ಲ, ಬಲೆಯೂ ಇಲ್ಲ ಅಂದರೆ ಹುಷಾರು. ಬಾಡಿಗೆದಾರರು ಬಂದಿರಬಹುದು. ಹತ್ತಿರದಲ್ಲಿ ಪೊರೆ ಬಿದ್ದಿದೆಯಾ ನೋಡಿ.

ಒದ್ದೆ ಮಣ್ಣಿನ ಗುಳಿಗೆಗಳನ್ನು ಬಾಯಿಯ ಸುತ್ತ ಪೇರಿಸಿಟ್ಟಿದ್ದರೆ ಏಡಿ. ಪೆನ್ಸಿಲ್ ದಪ್ಪದ ತೂತು, ಅಂಚಿಗೆ ಬಿಳಿ ರೇಷ್ಮೆಯಂಥ ನೂಲು ಇದ್ದರೆ ಜೇಡ. ಕೆಲವು ಜೇಡಗಳು ಬಾಯಿಗೆ ಕೀಲಿರುವ ಮುಚ್ಚಳವನ್ನೇ ಮಾಡಿಟ್ಟಿರುತ್ತವೆ, ಮುಚ್ಚಿದಾಗ ಪಕ್ಕದಲ್ಲಿ ಕೂತರೂ ಕಾಣುವುದಿಲ್ಲ.

ಮಗು ತೂರುವಷ್ಟು ದೊಡ್ಡ ಬಾಯಿ, ಗುಡ್ಡದ ಇಳಿಜಾರು, ಸುತ್ತ ಕಪ್ಪು ಬಿಳಿ ಮುಳ್ಳು, ಕಡಿದ ಗುರುತಿರುವ ಮೂಳೆ ಚೂರು ಬಿದ್ದಿದ್ದರೆ ಮುಳ್ಳುಹಂದಿ. ಮೂಳೆ ನೋಡಿ ಚಿರತೆ ಗವಿ ಅಂತ ಊರೆಲ್ಲ ಸುದ್ದಿ ಹಬ್ಬಿಸುವವರಿದ್ದಾರೆ. ಮುಳ್ಳುಹಂದಿ ಮಾಂಸ ತಿನ್ನುವ ಪ್ರಾಣಿಯಲ್ಲ. ಸುಣ್ಣದ ಅಂಶಕ್ಕೆ, ಹಲ್ಲು ಸವೆಸುವುದಕ್ಕೆ ಎಲ್ಲಿಂದಲೋ ಮೂಳೆ ತಂದು ಕಡಿಯುತ್ತಾ ಕೂರುತ್ತದೆ.

ಸಂದೇಹ ಇದ್ದರೆ ಸುಲಭದ ಉಪಾಯ ಇದೆ. ಸಂಜೆ ಬಿಲದ ಬಾಯಿಯ ಮುಂದೆ ಒಲೆಯ ಬೂದಿ ಅಥವಾ ರಂಗೋಲಿ ಪುಡಿಯನ್ನು ತೆಳ್ಳಗೆ ಹರಡಿ. ದೂರದಿಂದ, ಮೊರದಲ್ಲಿ ಹಾಕಿ ಉದುರಿಸಿದರೂ ಸಾಕು. ಬೆಳಿಗ್ಗೆ ಇಲಿಯ ಪಾದ, ಬಾಲದ ಗೆರೆ, ಮುಂಗುಸಿಯ ಉಗುರು, ಹಾವಿನ ಹರಿದಾಡಿದ ಗುರುತು ಬೇರೆ ಬೇರೆಯಾಗಿ ಕಾಣುತ್ತವೆ. ಇಲ್ಲವೇ ಬಾಯಿಗೆ ಒಂದು ಒಣ ಎಲೆಯನ್ನು ಕೋಲಿನಿಂದ ಸಡಿಲವಾಗಿ ತಳ್ಳಿ. ಎರಡು ದಿನ ಆದರೂ ಎಲೆ ಅಲ್ಲಾಡದಿದ್ದರೆ ಬಿಲ ಬಹುಶಃ ಖಾಲಿ. ಕೈ ಹಾಕಿ ನೋಡುವುದು, ಮೊಬೈಲ್ ಟಾರ್ಚ್ ಹಿಡಿದು ಮುಖ ಬಗ್ಗಿಸುವುದು ಬೇಡವೇ ಬೇಡ.

ಬದುವಿನ ತುಂಬ ಹೆಗ್ಗಣದ ಬಿಲ. ಭತ್ತ ಉಳಿಯುವುದಿಲ್ಲ. ಏನು ಮಾಡಲಿ?

ಹೊಲದ ಹೆಗ್ಗಣ ತಿನ್ನುವುದಕ್ಕಿಂತ ಸಾಗಿಸುವುದು ಹೆಚ್ಚು. ಕದಿರು ಬಲಿಯುವ ಹೊತ್ತಿಗೆ ತೆನೆ ಕತ್ತರಿಸಿ ಬಿಲದ ಕೋಣೆಯಲ್ಲಿ ತುಂಬಿಸುತ್ತದೆ, ಕೆಲವು ಬಿಲಗಳಲ್ಲಿ ಕಿಲೋ ಲೆಕ್ಕದಲ್ಲಿ ಕಾಳು ಸಿಗುತ್ತದೆ. ಬಿಲ ಅಗೆದು ಆ ಕಾಳು ತೆಗೆದು ಹೊಟ್ಟೆ ಹೊರೆದ ಜನ ನಮ್ಮ ದೇಶದಲ್ಲಿ ಹಲವು ಕಡೆ ಇದ್ದರು, ಈಗಲೂ ಇದ್ದಾರೆ.

ಬದು ದಪ್ಪ ಇದ್ದಷ್ಟೂ ಹೆಗ್ಗಣಕ್ಕೆ ಅನುಕೂಲ. ಬದುವನ್ನು ಸಣ್ಣದು ಮಾಡಿ, ಹುಲ್ಲು ಸವರಿ. ಬೋನು ಇಡುವುದಾದರೆ ಹೊಡೆ ಬರುವುದಕ್ಕೆ ಮುಂಚೆ ಇಡಿ, ತೆನೆ ಬಂದ ಮೇಲೆ ಅದಕ್ಕೆ ನಿಮ್ಮ ಬೋನಿನ ತಿಂಡಿ ಯಾಕೆ ಬೇಕು? ಗದ್ದೆಯ ನಡುವೆ ಅಲ್ಲಲ್ಲಿ ಟಿ ಆಕಾರದ ಗೂಟ ನೆಟ್ಟರೆ ರಾತ್ರಿ ಗೂಬೆ ಬಂದು ಕೂರುತ್ತದೆ. ಕೇರೆ ಹಾವು ಕಂಡರೆ ಬಿಟ್ಟುಬಿಡಿ, ಅದು ಬಿಲದೊಳಗೇ ನುಗ್ಗಿ ಮರಿಗಳನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಅಕ್ಕಪಕ್ಕದವರೆಲ್ಲ ಸೇರಿ ಒಂದೇ ವಾರದಲ್ಲಿ ಮಾಡಬೇಕು. ನೀವೊಬ್ಬರೇ ಮಾಡಿದರೆ ಖಾಲಿಯಾದ ಬಿಲಕ್ಕೆ ಪಕ್ಕದ ಗದ್ದೆಯ ಹೆಗ್ಗಣ ಬಂದು ಸೇರುತ್ತದೆ, ಮೇಲೆ ಹೇಳಿದ ಸೀಟಿನ ಕತೆಯೇ. ಇಲಿ ಪಾಷಾಣ ಬಳಸುವ ಯೋಚನೆ ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡೇ ಬಳಸಿ.

ಬಿಲಕ್ಕೆ ಮಾತ್ರೆ ಹಾಕಿದರೆ ಎಲ್ಲ ಒಳಗೇ ಸಾಯುತ್ತವಂತೆ?

ಕಾಳಿನ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಬಗ್ಗೆ ಕೇಳುತ್ತಿದ್ದೀರಿ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಆ ಅನಿಲಕ್ಕೆ ಇಲಿ ಯಾವುದು, ಮನೆ ಮಗು ಯಾವುದು ಅಂತ ಗೊತ್ತಾಗುವುದಿಲ್ಲ, ಬಿಲದ ಇನ್ನೊಂದು ತುದಿ ನಿಮ್ಮ ಮಲಗುವ ಕೋಣೆಯ ಕೆಳಗೇ ಇರಬಹುದು. ಇದಕ್ಕೆ ಪ್ರತಿಮದ್ದು ಇಲ್ಲ. ಕಾನೂನಿನ ಪ್ರಕಾರ ಸಾಮಾನ್ಯರಿಗೆ ಮಾರುವ ಹಾಗೂ ಇಲ್ಲ. ಮನೆ ಹತ್ತಿರ ಖಂಡಿತ ಬೇಡ.

ಹೊಗೆ ಹಾಕುವುದು, ಪೆಟ್ರೋಲ್ ಸುರಿಯುವುದು, ಬಿಸಿನೀರು ಹೊಯ್ಯುವುದು, ಇವೂ ಅಷ್ಟೇ. ಒಳಗಿನ ಹಾವು ಯಾವ ಬಾಯಿಂದ ಹೊರಗೆ ಬರುತ್ತದೆ ಅಂತ ನಿಮಗೆ ಗೊತ್ತಿಲ್ಲವಲ್ಲ.

ಸಿಮೆಂಟ್ ಹಾಕಿ ಮುಚ್ಚಿಬಿಡಬಹುದಾ?

ಖಾಲಿ ಅಂತ ಖಾತ್ರಿಯಾದ ಮೇಲೆ, ಮನೆ ಗೋಡೆಗೆ ಅಂಟಿದ್ದರೆ, ಮುಚ್ಚಿ. ಒಳಗೆ ಯಾರಾದರೂ ಇದ್ದಾಗ ಮುಚ್ಚಿದರೆ ಒಂದೋ ಒಳಗೆ ಸತ್ತು ವಾರಗಟ್ಟಲೆ ನಾರುತ್ತದೆ, ಇಲ್ಲವೇ ಇನ್ನೊಂದು ಕಡೆಯಿಂದ ಅಡುಗೆಮನೆಗೆ ಬರುತ್ತದೆ. ಹಾವಿದೆ ಅಂತ ಗಟ್ಟಿಯಾಗಿ ಅನಿಸಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಗದ್ದೆಯ ನೀರೆಲ್ಲ ಏಡಿ ತೂತಿನಲ್ಲಿ ಸೋರಿ ಹೋಗುತ್ತಿದೆ.

ಹೌದು, ಏಡಿ ಬದುವಿನ ಆಚೆ ಈಚೆ ತೂತು ಮಾಡಿದರೆ ರಾತ್ರಿ ಕಟ್ಟಿದ ನೀರು ಬೆಳಿಗ್ಗೆ ಇರುವುದಿಲ್ಲ. ನಾಟಿಗೆ ಮುಂಚೆ ಬದು ಕೆತ್ತಿ ಹೊಸ ಕೆಸರು ಮೆತ್ತುವ ಹಳೆ ಪದ್ಧತಿ ಇದಕ್ಕೇ ಇದ್ದದ್ದು. ಕೆಲಸ ಜಾಸ್ತಿ ಅಂತ ಈಗ ಬಿಟ್ಟಿದ್ದೇವೆ. ಮಲೆನಾಡಲ್ಲಾದರೆ ಪರಿಹಾರ ಬೇರೆ ಇದೆ, ಹಿಡಿದು ಸಾರು ಮಾಡುತ್ತಾರೆ.

ಕಡಲ ತೀರದ ಏಡಿಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳ ಮೇಲೆ ಸಾವಿರಾರು ಪುಟ್ಟ ಮರಳುಂಡೆಗಳು ರಂಗೋಲಿಯ ಚುಕ್ಕಿಯಂತೆ ಹರಡಿರುತ್ತವಲ್ಲ, ಅದು ಬಿಲದ ಮಣ್ಣಷ್ಟೇ ಅಲ್ಲ. ಉಗುರಿನಷ್ಟಿರುವ ಏಡಿ ಮರಳನ್ನು ಬಾಯಿಗಿಟ್ಟು ಅದಕ್ಕಂಟಿದ ತಿನಿಸು ನೆಕ್ಕಿ, ಉಳಿದದ್ದನ್ನು ಉಂಡೆ ಮಾಡಿ ಎಸೆದದ್ದು. ಉಬ್ಬರ ಬಂದರೆ ಎಲ್ಲ ಅಳಿಸಿ ಹೋಗುತ್ತದೆ. ಬಿಲ ಮುಚ್ಚಿಕೊಂಡು ಒಳಗೆ ಕೂತು, ಮುಂದಿನ ಇಳಿತಕ್ಕೆ ಮತ್ತೆ ಮೊದಲಿಂದ ಶುರು.

ಮೊಲದ ಬಿಲ ಎಲ್ಲಿ ಸಿಗುತ್ತದೆ?

ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈ ಒತ್ತಿ ಸಣ್ಣ ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈತುಂಬ ಕೂದಲಿರುತ್ತದೆ. ಬಿಲ ತೋಡುವುದು ಯುರೋಪಿನ ಸಾಕುಮೊಲದ ಬಳಗ, ಅದರ ಮರಿ ಬೆತ್ತಲೆ, ಕುರುಡು. ಮಕ್ಕಳ ಪುಸ್ತಕದ ಚಿತ್ರಗಳೆಲ್ಲ ಆ ಕಡೆಯಿಂದ ಬಂದವು.

ಹಕ್ಕಿಗಳೂ ಬಿಲ ತೋಡುತ್ತವಾ?

ತೋಡುತ್ತವೆ, ಅದೂ ಕೊಕ್ಕಿನಲ್ಲಿ. ಕಳ್ಳಿಪೀರ, ಮಿಂಚುಳ್ಳಿ ಎರಡೂ ಹೊಳೆದಂಡೆ, ರಸ್ತೆಗೆ ಕಡಿದ ದಿಬ್ಬ, ಹಳೆ ಬಾವಿಯ ಮಣ್ಣಿನ ಗೋಡೆಯಲ್ಲಿ ಅಡ್ಡಡ್ಡ ಸುರಂಗ ಕೊರೆಯುತ್ತವೆ. ಕೊಕ್ಕಿನಿಂದ ಕುಕ್ಕಿ, ಕಾಲಿನಿಂದ ಮಣ್ಣು ಹಿಂದಕ್ಕೆ ಒದೆಯುತ್ತವೆ. ಒಂದು ಮೀಟರ್ ಮೀರಿದ ಸುರಂಗಗಳೂ ಇವೆ, ಕೊನೆಯಲ್ಲಿ ಅಗಲವಾದ ಮೊಟ್ಟೆಯ ಕೋಣೆ. ಮಿಂಚುಳ್ಳಿಯದ್ದಾದರೆ ಬಾಯಿಯ ಕೆಳಗೆ ಬಿಳಿ ಹಿಕ್ಕೆಯ ಗೆರೆ ಇಳಿದಿರುತ್ತದೆ, ಹತ್ತಿರ ಹೋದರೆ ಮೀನಿನ ವಾಸನೆ.

ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯ ಕಾವೇರಿ ದಂಡೆಯಲ್ಲಿ ಬೇಸಿಗೆಯಲ್ಲಿ ನೀಲಿ ಬಾಲದ ಕಳ್ಳಿಪೀರಗಳು ಗುಂಪಾಗಿ ಬಂದು ಹೀಗೆ ಬಿಲ ತೋಡಿ ಮರಿ ಮಾಡುತ್ತವೆ. ಅವಕ್ಕೆ ಬೇಕಾದದ್ದು ಗಿಡಮರ ಅಲ್ಲ, ಮೆತ್ತನೆ ಮಣ್ಣಿನ ನೆಟ್ಟಗಿನ ದಂಡೆ. ನಾವು ಅದನ್ನು ಬರಿ ಮಣ್ಣು ಅಂತ ಅಗೆದು ಲೋಡ್ ಮಾಡುತ್ತೇವೆ, ಇಲ್ಲಾ ಕಲ್ಲು ಕಟ್ಟಿ "ಅಭಿವೃದ್ಧಿ" ಮಾಡುತ್ತೇವೆ. ಮರ ಕಡಿದರೆ ಗಲಾಟೆ ಆಗುತ್ತದೆ, ದಂಡೆ ಕಡಿದರೆ ಯಾರೂ ಕೇಳುವುದಿಲ್ಲ.

ಮೊದಲ ಮಳೆಗೆ ಅಷ್ಟೊಂದು ಕಪ್ಪೆ ಎಲ್ಲಿಂದ ಬರುತ್ತವೆ?

ಕಾಲ ಕೆಳಗಿಂದಲೇ. ಬಿಲ ತೋಡುವ ಕಪ್ಪೆಗಳ ಹಿಂಗಾಲಿನಲ್ಲಿ ಗುದ್ದಲಿಯ ಅಲಗಿನಂಥ ಗಟ್ಟಿ ಉಬ್ಬು ಇರುತ್ತದೆ. ಕೂತ ಕಡೆಯೇ ಎಡಕ್ಕೆ ಬಲಕ್ಕೆ ಅಲ್ಲಾಡುತ್ತಾ ಹಿಂದುಮುಂದಾಗಿ ಮಣ್ಣಿಗೆ ಇಳಿಯುತ್ತವೆ. ಮುಖ ಕೊನೆಗೆ ಮುಚ್ಚುತ್ತದೆ. ಬೇಸಿಗೆ ಪೂರ್ತಿ ಅಲ್ಲಾಡದೆ ಕೂತಿದ್ದು, ಮಳೆ ಬಿದ್ದ ರಾತ್ರಿಯೇ ಮೇಲೆ ಬಂದು ಕೂಗುವುದಕ್ಕೆ ಶುರು. ಇಂಥದ್ದೇ ಒಂದು ಹೊಸ ಜಾತಿಯನ್ನು 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ವಿವರಿಸಿ ಅದಕ್ಕೆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅಷ್ಟು ದೊಡ್ಡ ಊರಿನ ಪಕ್ಕದ ಬಯಲಿನಲ್ಲಿ ಇಷ್ಟು ದಿನ ಹೆಸರಿಲ್ಲದೆ ಕೂತಿತ್ತು ನೋಡಿ.

ಒಳಗೆ ಉಸಿರು ಕಟ್ಟುವುದಿಲ್ಲವಾ? ಮಳೆ ಬಂದರೆ ಮುಳುಗುವುದಿಲ್ಲವಾ?

ಉಸಿರಿನ ವಿಷಯಕ್ಕೆ ಬಂದರೆ, ಎರಡು ಮೂರು ಬಾಯಿ ಇರುವ ಬಿಲದಲ್ಲಿ ಗಾಳಿ ತಾನೇ ಆಡುತ್ತದೆ. ಒಂದೇ ಬಾಯಿ ಇದ್ದರೂ ಮಣ್ಣಿನ ಸಂದಿನಲ್ಲಿ ಗಾಳಿ ಹಾಯುತ್ತದೆ. ಬಿಲದಲ್ಲೇ ಬದುಕುವ ಪ್ರಾಣಿಗಳ ಮೈ ಕೆಟ್ಟ ಗಾಳಿಯನ್ನು ನಮಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.

ಮಳೆಗೆ ಮುಳುಗುತ್ತದೆ, ಅನುಮಾನವೇ ಬೇಡ. ಅದಕ್ಕೇ ದಿಬ್ಬ, ಬದು, ಮರದ ಬುಡ ನೋಡಿ ತೋಡುವುದು. ಜೋರು ಮಳೆಗೆ ನೀರು ನುಗ್ಗಿದಾಗ ಇಲಿ, ಹಾವು, ಚೇಳು ಎಲ್ಲ ಒಟ್ಟಿಗೆ ಒಣ ಜಾಗ ಹುಡುಕುತ್ತವೆ, ಆ ಒಣ ಜಾಗ ನಿಮ್ಮ ಕೊಟ್ಟಿಗೆಯೋ ಚಪ್ಪಲಿ ಸ್ಟ್ಯಾಂಡೋ ಆಗಿರುತ್ತದೆ. ಮಳೆಗಾಲದಲ್ಲಿ ಶೂ ಕೊಡವಿ ಹಾಕಿಕೊಳ್ಳಿ. ಇಲಿ ಉಚ್ಚೆ ಬೆರೆತ ನೀರಿನಿಂದ ಇಲಿ ಜ್ವರ ಬರುತ್ತದೆ, ಕಾಲಲ್ಲಿ ಗಾಯ ಇದ್ದವರು ಗದ್ದೆಗೆ ಬರಿಗಾಲಲ್ಲಿ ಇಳಿಯಬೇಡಿ. ಜ್ವರ, ಮೈಕೈ ನೋವು ಬಂದರೆ ಗದ್ದೆ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಬಿಲದ ಹತ್ತಿರ ಹಾವು ಕಚ್ಚಿದರೆ?

ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಉಂಗುರ, ಕಾಲ್ಗೆಜ್ಜೆ ಬಿಚ್ಚಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹಾವು ಹಿಡಿದು ತರುವ ಸಾಹಸ ಬೇಡ. ನಾಗರ, ಕಟ್ಟುಹಾವು, ಮಂಡಲದ ಹಾವು, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಚುಚ್ಚುಮದ್ದು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ನಾಟಿ ಮದ್ದಿನವರ ಹತ್ತಿರ ಅರ್ಧ ದಿನ ಕಳೆದು ಆಮೇಲೆ ಆಸ್ಪತ್ರೆಗೆ ಬರುವವರೇ ಹೆಚ್ಚು ಕಷ್ಟಕ್ಕೆ ಸಿಕ್ಕುವುದು.

ತೋಟದಲ್ಲಿ ಹುತ್ತ ಒಡೆದು ದೊಡ್ಡ ಗುಂಡಿ ಮಾಡಿದ್ದಾರೆ. ಯಾರ ಕೆಲಸ?

ಜೆಸಿಬಿ ಅಲ್ಲದಿದ್ದರೆ ಕರಡಿ ಅಥವಾ ಚಿಪ್ಪುಹಂದಿ. ಕರಡಿ ಹುತ್ತವನ್ನು ಒಡೆದು ಮೂತಿಯಿಟ್ಟು ಗೆದ್ದಲನ್ನು ಊದಿ ಹೀರುತ್ತದೆ, ಸುತ್ತ ಹೆಂಟೆಗಳು ಚೆಲ್ಲಾಪಿಲ್ಲಿ. ಚಿಪ್ಪುಹಂದಿ ಅಚ್ಚುಕಟ್ಟಾಗಿ ಒಂದು ಕಡೆಯಿಂದ ಕೊರೆಯುತ್ತದೆ. ಊಟಕ್ಕೆ ತೋಡುವ ಗುಂಡಿ ಬೇರೆ, ಮಲಗುವ ಬಿಲ ಬೇರೆ. ಮಲಗಿದಾಗ ಒಳಗಿನಿಂದ ಮಣ್ಣು ತಳ್ಳಿ ಬಾಗಿಲು ಹಾಕಿಕೊಳ್ಳುತ್ತದೆ. ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಮರಿ. ಚಿಪ್ಪಿನ ಆಸೆಗೆ ಕಳ್ಳಬೇಟೆ ನಡೆಯುವುದರಿಂದ ಫೋಟೊವನ್ನು ಜಾಗದ ಹೆಸರಿನ ಜೊತೆ ಫೇಸ್‌ಬುಕ್‌ಗೆ ಹಾಕಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಸಾಕು.

ಬಿಲದಲ್ಲಿ ಎರಡು ತಲೆ ಹಾವು ಸಿಕ್ಕಿದೆ. ಲಕ್ಷಗಟ್ಟಲೆ ಬೆಲೆಯಂತೆ, ನಿಜವಾ?

ಅದು ಮಣ್ಣುಮುಕ್ಕ ಹಾವು. ತಲೆ ಒಂದೇ. ಬಾಲ ಮೊಂಡಾಗಿ ತಲೆಯ ಹಾಗೆ ಕಾಣುತ್ತದೆ, ಶತ್ರು ಬಾಲಕ್ಕೆ ಬಾಯಿ ಹಾಕಿದರೆ ತಲೆ ಉಳಿಯುತ್ತದಲ್ಲ, ಅದಕ್ಕೆ. ನಿಧಿ ತೋರಿಸುವುದಿಲ್ಲ, ಯಾವ ಕಾಯಿಲೆಗೂ ಔಷಧಿ ಅಲ್ಲ. ಕೊಳ್ಳುತ್ತೇನೆ ಅಂತ ಫೋನ್ ಮಾಡುವವನು ಮೊದಲು ನಿಮ್ಮಿಂದ ಅಡ್ವಾನ್ಸ್ ಕೇಳುತ್ತಾನೆ, ತೂಕ ಇಷ್ಟಿರಬೇಕು ಅಂತಾನೆ, ಆಮೇಲೆ ಕಾಣೆಯಾಗುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಮಾರಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡಿ, ನಿಮ್ಮ ಹೊಲದ ಇಲಿಯನ್ನೇ ಅದು ತಿನ್ನುವುದು.